ಭಾನುವಾರದ ಕೊಠಡಿಗೆ ನೀವು ಕೇಳಿದ ಪಟ್ಟಿ

ಮಾನ್ಯ ಕಟ್ಟಡ ಉಸ್ತುವಾರಿ ಅಧಿಕಾರಿಗಳೇ,

ಊರಿಗಾಂನ ಹಳೆಯ ಚಿನ್ನದ ಗಣಿ ಕಂಪನಿಯ ಕಟ್ಟಡದಲ್ಲಿ ಕುಡಿತ ಬಿಟ್ಟವರು ಪ್ರತಿ ಭಾನುವಾರ ಸೇರುವ ಕೊಠಡಿಗೆ ಬೀಗ ಹಾಕುವುದಾಗಿ ನೋಟಿಸ್ ಅಂಟಿಸಿದ್ದೀರಿ. ನಮ್ಮ ಅಪರಾಧವೇನೆಂದರೆ, ಬರುವವರ ಹೆಸರು, ವಿಳಾಸ, ಫೋಟೋ, ಆಧಾರ್ ಸಂಖ್ಯೆಯ ಪಟ್ಟಿಯನ್ನು ನಿಮಗೆ ಕೊಟ್ಟಿಲ್ಲ. ಭೇಷ್! ಹನ್ನೊಂದು ವರ್ಷ ನಾನು ಕುಡಿದೆ. ಬಾಟಲಿ ಕೊಟ್ಟ ಯಾವ ಅಂಗಡಿಯವನೂ ಒಂದು ದಿನ ನನ್ನ ಆಧಾರ್ ಕೇಳಲಿಲ್ಲ. ಪೇಪರ್ ಸುತ್ತಿ ಕೊಡುವಷ್ಟು ಮರ್ಯಾದೆಯಾದರೂ ಅವನಿಗಿತ್ತು. ಕುಡಿಯುವಾಗ ಯಾರಿಗೂ ಬೇಡವಾಗಿದ್ದ ನಮ್ಮ ವಿಳಾಸ, ಬಿಟ್ಟ ಮೇಲೆ ನಿಮಗೆ ಯಾಕೆ ಬೇಕಾಯಿತು ಸ್ವಾಮಿ?

ನಮ್ಮ ಪದ್ಧತಿ ನಿಮಗೆ ತಿಳಿದಿರಲಾರದು. ಊರು, ಜಾತಿ, ಮನೆತನ ಎಲ್ಲವನ್ನೂ ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟು ಒಳಗೆ ಬರುತ್ತೇವೆ. ಒಬ್ಬರು ತಮಿಳಿನಲ್ಲಿ ಅಳುತ್ತಾರೆ, ಇನ್ನೊಬ್ಬರು ತೆಲುಗಿನಲ್ಲಿ ಸಮಾಧಾನ ಹೇಳುತ್ತಾರೆ, ಕನ್ನಡದವರು ಟೀ ಸೋಸುತ್ತಾರೆ. ಬಂಗಾರಪೇಟೆ ಬಸ್ಸಿನಲ್ಲಿ ಅಕ್ಕಪಕ್ಕ ಕೂತರೂ ಗುರುತು ತೋರಿಸುವುದಿಲ್ಲ. ಅದು ಒಬ್ಬರಿಗೊಬ್ಬರು ಕೊಟ್ಟ ಮಾತು.

ಹೋದ ತಿಂಗಳು ನಿಮ್ಮ ಸಿಬ್ಬಂದಿ ರಿಜಿಸ್ಟರ್ ಹಿಡಿದು ಒಳಗೇ ನುಗ್ಗಿದರು. ನಾವೆಲ್ಲ ಪೆದ್ದಮ್ಮ ಎಂದು ಕರೆಯುವ ಕೂಲಿ ಹೆಂಗಸು ಅವತ್ತಿಗೆ ಕುಡಿಯದೆ ತೊಂಬತ್ತು ದಿನ ಮುಗಿಸಿದ್ದರು. ಹಂಚಲೆಂದು ಕಡಲೆಮಿಠಾಯಿ ತಂದಿದ್ದರು. ರಿಜಿಸ್ಟರ್ ಕಂಡದ್ದೇ ಸೆರಗು ತಲೆಗೆಳೆದುಕೊಂಡು ಎದ್ದರು.

"ಎಸ್ರು ಬರ್ಕಂಡ್ರೆ ನಾ ಬರಲ್ಲ ಕಣಮ್ಮ. ಮಗಳ್ಗೆ ಗಂಡು ನೋಡ್ತಾ ಇದೀವಿ. ಅವಳವ್ವ ಕುಡುಕಿ ಅಂದ್ರೆ ಯಾವನು ಬತ್ತಾನೆ?"

"ಬರೀ ಫಾರ್ಮಾಲಿಟಿ ಅಮ್ಮ," ಎಂದು ನಿಮ್ಮವರು ನಕ್ಕರು.

ಮಿಠಾಯಿ ಪೊಟ್ಟಣ ಬೆಂಚಿನ ಮೇಲೇ ಉಳಿಯಿತು. ನಾಲ್ಕು ಭಾನುವಾರ ಕಳೆದರೂ ಅವರು ಬಂದಿಲ್ಲ. ಮತ್ತೆ ಕುಡಿಯುತ್ತಿದ್ದಾರೋ ಏನೋ. ಹುಡುಕಿಕೊಂಡು ಹೋಗೋಣವೆಂದರೆ ಅವರ ಊರು ಯಾವುದೆಂದು ನಮಗೂ ಗೊತ್ತಿಲ್ಲ.

ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ನೋಟಿಸ್ ಕಿತ್ತುಹಾಕಿ. ರಿಜಿಸ್ಟರ್ ನಿಮ್ಮ ಕಚೇರಿಯಲ್ಲೇ ಇರಲಿ. ಈ ಭಾನುವಾರ ಹತ್ತು ಗಂಟೆಗೆ ಬಾಗಿಲು ತೆರೆದಿರಬೇಕು. ಪೆದ್ದಮ್ಮ ಮನಸ್ಸು ಮಾಡಿ ಬಂದರೆ ಬೀಗ ನೋಡಿ ವಾಪಸು ಹೋಗಬಾರದು.

ಪಟ್ಟಿಯಿಲ್ಲದೆ ಫೈಲು ಮುಂದಕ್ಕೆ ಹೋಗುವುದಿಲ್ಲ ಎಂದಿರಿ. ಸರಿ, ಕೆಳಗೆ ಕೊಟ್ಟಿದ್ದೇನೆ. ಈ ಪತ್ರವನ್ನು ಪತ್ರಿಕೆಗೂ ಕೊಟ್ಟಿದ್ದೇನೆ. ನಾಳೆ ಅಚ್ಚಾದ ಮೇಲೆ ಇದನ್ನು ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಓದುತ್ತಾರೆ, ನನ್ನ ನಾದಿನಿಯೂ ಓದುತ್ತಾಳೆ. ಓದಲಿ. ನಾಲ್ಕು ವರ್ಷದಿಂದ ಒಂದು ತೊಟ್ಟು ಮುಟ್ಟಿಲ್ಲ ಎಂಬುದನ್ನೂ ಓದಲಿ.

ಇಂತಿ,
ಪಟ್ಟಿಯ ಮೊದಲನೆಯವಳು, ಕೊನೆಯವಳೂ,
ಆದಿಲಕ್ಷ್ಮಿ
ಕಾರ್ಖಾನೆಯ ಸ್ಟೋರ್ಸ್ ಗುಮಾಸ್ತೆ, ಒಂದು ಕಾಲದ ಕುಡುಕಿ
(ಫೋಟೋ ಲಗತ್ತಿಸಿದೆ)