ದಾರೀಲಿ ಎಲ್ಲೂ ನಿಲ್ಲಲ್ಲ

ಅಮ್ಮಾ,

ಬೆಳಿಗ್ಗೆಯಿಂದ ಪ್ರವಾಸಿಗರ ಬೂಟು ತಿಕ್ಕಿ ತಿಕ್ಕಿ ಬೆನ್ನೇ ಬಿದ್ದೋಗಿದೆ. ದಕ್ಷಿಣ ಧ್ರುವದ ಹತ್ತಿರದ ಈ ದ್ವೀಪದಿಂದ ಒಂದು ಹುಲ್ಲಿನ ಬೀಜಾನೂ ಹಡಗಿಗೆ ಬರಬಾರದಂತೆ.

ಇವತ್ತು ನನ್ನನ್ನೂ ದಡಕ್ಕೆ ಇಳಿಸಿದ್ರು. ಅಪ್ಪ ಕೆಲಸಕ್ಕಿದ್ದ ಮೀನು ಹಡಗು ಮುಳುಗಿದ್ದು ಇಲ್ಲೇ ಅಂತ ನಾನು ಯಾರಿಗೂ ಹೇಳಿರಲಿಲ್ಲ. ಪೆಂಗ್ವಿನ್‌ಗಳ ಗದ್ದಲದ ಮಧ್ಯೆ ಹಿಂದಿನಿಂದ ಸಿಳ್ಳೆ ಕೇಳಿಸ್ತು. ಅಪ್ಪ ನಮ್ಮ ಕೋಳಿಗಳನ್ನ ಕರೀತಿದ್ದ ಸಿಳ್ಳೆ ಅದು. ನಾನು ತಿರುಗಿ ನೋಡಲಿಲ್ಲ.

"ಏನೋ ಜೋವೆನ್, ಬಿಳುಚಿಕೊಂಡಿದ್ದೀಯ? ಪೆಂಗ್ವಿನ್ ಬೈತಾ?" ಅಂದ ನನ್ನ ಜೊತೆ ಕೆಲಸ ಮಾಡೋ ನೆಸ್ಟರ್.

"ಚಳಿ ಕಣೋ," ಅಂದೆ.

ನನ್ನ ಬೂಟನ್ನೂ ಚೆನ್ನಾಗಿ ತಿಕ್ಕಿ ತೊಳೆದೇ ಹಡಗು ಹತ್ತಿದೆ. ಆದ್ರೂ ಈಗ ನನ್ನ ಕೋಣೆ ಬಾಗಿಲಾಚೆ ಅದೇ ಸಿಳ್ಳೆ.

ಸತ್ತವರನ್ನ ನೋಡಿ ಸೀದಾ ಮನೆಗೆ ಬರಬಾರದು, ಬೇರೆಲ್ಲಾದ್ರೂ ನಿಂತು ಬರಬೇಕು, ಇಲ್ದಿದ್ರೆ ಹಿಂದೇನೇ ಬರ್ತಾರೆ ಅಂತ ನೀನೇ ಕಲಿಸಿದ್ದಲ್ವಾ? ಮಾರ್ಚಲ್ಲಿ ರಜೆಗೆ ನಮ್ಮೂರು ಇಲೋಯ್ಲೊಗೆ ಬಂದಿಳಿದ ಮೇಲೆ ನಾನು ಎಲ್ಲೂ ನಿಲ್ಲಲ್ಲ, ಕಾಫಿಗೂ ಇಲ್ಲ. ಊಟಕ್ಕೆ ಒಂದು ತಟ್ಟೆ ಜಾಸ್ತಿ ಇಡು. ಅಪ್ಪನ ದಿಂಬು ಬಿಸಿಲಿಗೆ ಹಾಕು. ಬೇಡ ಅನ್ಸಿದ್ರೆ ಹೇಳು, ದಾರೀಲಿ ನಿಂತೇ ಬರ್ತೀನಿ.

ನಿನ್ನ ಜೋವೆನ್. ಭಾನುವಾರ ಚರ್ಚ್ ಮುಗಿಸ್ಕೊಂಡು, ನಿಮ್ಮಲ್ಲಿ ಒಂಬತ್ತು ಗಂಟೆಗೆ, ಫೋನ್ ಮಾಡು.