ನೀವು ಮಾರಿದ್ದು ಬೆಳ್ಳಿಯನ್ನೋ, ಹೊದಿಕೆಯನ್ನೋ?

ಬೆಳ್ಳಿ ಮಾರಾಟ ಹಾಗೂ ಮರುಖರೀದಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಕಚೇರಿಯು ನನ್ನ ಹೆಂಡತಿಗೆ ಮಾರಿದ ಬೆಳ್ಳಿಯ ಗಟ್ಟಿಗಳನ್ನು ತಮ್ಮ ಕಚೇರಿಯೇ ಈಗ ಬೆಳ್ಳಿಯೆಂದು ಒಪ್ಪಲು ನಿರಾಕರಿಸಿದೆ. ಗಟ್ಟಿಗಳ ಮೇಲಿರುವ ಮುದ್ರೆ ತಮ್ಮದು. ಮುದ್ರೆಯ ಕೆಳಗೆ ಕೊರೆದಿರುವ ಸಂಖ್ಯೆ ತಮ್ಮದು. ಅದೇ ಸಂಖ್ಯೆಯನ್ನು ರಸೀದಿಯಲ್ಲಿ ಬರೆದ ಕೈ ತಮ್ಮ ಸಿಬ್ಬಂದಿಯದು. ಇಲ್ಲದಿರುವುದು ಒಂದೇ, ಗಟ್ಟಿಯನ್ನು ಸುತ್ತಿದ್ದ ಪ್ಲಾಸ್ಟಿಕ್ಕಿನ ಹೊದಿಕೆ. ಅದು ಇಲ್ಲವಾದ್ದರಿಂದ ನಮ್ಮ ಬೆಳ್ಳಿ ‘ಗುಜರಿ’ ದರ್ಜೆಗೆ ಇಳಿದಿದೆಯಂತೆ. ಬೆಲೆಯ ಐದರಲ್ಲಿ ಒಂದು ಪಾಲನ್ನು ಮುರಿದುಕೊಂಡು ಉಳಿದುದನ್ನು ಕೊಡುವಿರಂತೆ.

ಈ ದೂರನ್ನು ತಮಗೆ ಅಂಟಿಸಿದ ಲಕೋಟೆಯಲ್ಲಿ ಕಳುಹಿಸಬಹುದಿತ್ತು. ಆದರೆ ಹೊದಿಕೆಗಳ ಮೇಲೆ ತಮಗಿರುವ ಮಮತೆಯನ್ನು ಕಂಡ ಮೇಲೆ, ಲಕೋಟೆಯನ್ನು ಜೋಪಾನವಾಗಿಟ್ಟು ಒಳಗಿನ ಪತ್ರವನ್ನು ಬಿಸಾಡಿಬಿಟ್ಟೀರೆಂಬ ಭಯ ಹುಟ್ಟಿತು. ಆದ್ದರಿಂದ ಎಲ್ಲರೂ ಓದುವಂತೆ ಬಿಚ್ಚಿಟ್ಟೇ ಬರೆಯುತ್ತಿದ್ದೇನೆ.

ನನ್ನ ಹೆಂಡತಿ ಹೊಲಿಗೆಯವಳು. ಪೇಟೆಬೀದಿಯ ತಿರುವಿನಲ್ಲಿ, ಗಡಿಯಾರ ರಿಪೇರಿಯವರ ಅಂಗಡಿಗೆ ಅಂಟಿಕೊಂಡಿರುವ ಒಂದು ಕೋಣೆಯಲ್ಲಿ ಕುಳಿತು ಶಾಲಾಮಕ್ಕಳ ಸಮವಸ್ತ್ರದಿಂದ ಹಿಡಿದು ವಕೀಲರ ಕರಿಯಂಗಿಯವರೆಗೆ ಹೊಲಿದಿದ್ದಾಳೆ. ಕೋಣೆ ಗಡಿಯಾರದವರದು, ಬಾಡಿಗೆ ನಮ್ಮದು. ಆ ಹಿರಿಯರು ಈಗ ಅಂಗಡಿ ಮುಚ್ಚುತ್ತಿದ್ದಾರೆ. ಕೋಣೆಯನ್ನು ಕೊಳ್ಳುವ ಮೊದಲ ಅವಕಾಶವನ್ನು ಅವಳಿಗೇ ಕೊಟ್ಟಿದ್ದಾರೆ. ತಿಂಗಳ ಕೊನೆಯವರೆಗೆ ಕಾಯುತ್ತೇನೆಂದು ಮಾತು ಕೊಟ್ಟಿದ್ದಾರೆ. ಅನಂತರ ಅದು ಪಕ್ಕದ ಮೊಬೈಲು ಅಂಗಡಿಯವರ ಪಾಲಾಗುತ್ತದೆ, ಹೊಲಿಗೆಯಂತ್ರ ಬೀದಿಗೆ ಬರುತ್ತದೆ. ಈ ಪತ್ರದ ಹಿಂದಿರುವುದು ಇಷ್ಟೇ: ಒಂದು ಕೋಣೆ, ಒಂದು ಕಿಟಕಿ, ಆ ಕಿಟಕಿಯ ಬೆಳಕಿನಲ್ಲಿ ಸೂಜಿಗೆ ನೂಲು ಪೋಣಿಸುವ ಒಬ್ಬಳು ಹೆಂಗಸು.

ಬೆಳ್ಳಿಯನ್ನು ಆರಿಸಿಕೊಂಡವಳೂ ಅವಳೇ. ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತನಾದ ನಾನು, ಅಭ್ಯಾಸಬಲದಿಂದ, ಕಾಗದವನ್ನೇ ನಂಬುವವನು, ಉಳಿತಾಯಪತ್ರಗಳನ್ನು ಕೊಳ್ಳೋಣವೆಂದಿದ್ದೆ. ಅವಳು ನಕ್ಕುಬಿಟ್ಟಳು.

“ನಿಮ್ಮ ಕಾಗದ ಒದ್ದೆ ಆದ್ರೆ ಹೋಯ್ತು, ಬ್ಯಾಂಕು ಮುಚ್ಚಿದ್ರೆ ಹೋಯ್ತು. ಬೆಳ್ಳಿ ಕಾಲ ಮೇಲೆ ಬಿದ್ರೂ ಬೆರಳು ಹೋಗುತ್ತೆ, ಬೆಳ್ಳಿ ಹೋಗಲ್ಲ ಕಣ್ರೀ.”

ಬಂಗಾರ ಅವಳ ಕೈಗೆಟುಕುವಂಥದ್ದಲ್ಲ, ಬೆಳ್ಳಿ ಎಟುಕುತ್ತಿತ್ತು. ಒಂದು ಹಂಗಾಮಿನ ಹೊಲಿಗೆ ಮುಗಿದರೆ ಒಂದು ಗಟ್ಟಿ. ಅದರ ಬೆಲೆ ಏರುತ್ತದೆ, ಇಳಿಯುತ್ತದೆ, ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವೆ ಒಂದು ಅಂತರವಿರುತ್ತದೆ ಎಂಬುದನ್ನೆಲ್ಲ ಅವಳು ಬಲ್ಲಳು. ದರ ಇಳಿದಾಗ ಒಮ್ಮೆಯೂ ತಮ್ಮನ್ನು ಶಪಿಸಲಿಲ್ಲ. ಮಾರುಕಟ್ಟೆಯ ಮುನಿಸನ್ನು ಸಹಿಸಿಕೊಂಡವಳಿಗೆ ತಾವು ಪ್ಲಾಸ್ಟಿಕ್ಕಿನ ಮುನಿಸನ್ನು ತೋರಿಸುತ್ತಿದ್ದೀರಿ.

ತಪ್ಪು ನಮ್ಮದೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಕಳ್ಳನ ಕಣ್ಣಿಗೆ ಬೀಳಬಾರದೆಂದು ಅವಳು ಗಟ್ಟಿಗಳನ್ನು ಹೊಲಿಗೆಯಂತ್ರದ ಕೆಳಗಿನ ಖಾನೆಯಲ್ಲಿ, ಎಲಾಸ್ಟಿಕ್ ಸುರುಳಿಗಳ ನಡುವೆ ಹುದುಗಿಸಿಟ್ಟಿದ್ದಳು. (ಎಲಾಸ್ಟಿಕ್ಕಿಗೆ ಒಪ್ಪುವ ಕನ್ನಡ ಪದವೊಂದನ್ನು ಹುಡುಕಿ ಸೋತಿದ್ದೇನೆ. “ಎಳೆದ್ರೆ ಬರುತ್ತೆ, ಬಿಟ್ರೆ ಹೋಗುತ್ತೆ, ಅದಕ್ಕೆ ನಿಮ್ಮ ಹೆಸರು ಬೇರೆ ಕೇಡು” ಎನ್ನುತ್ತಾಳೆ.) ಚಡ್ಡಿಯ ಸೊಂಟಕ್ಕೆ ಹಾಕುವ ಪಟ್ಟಿಯ ನಡುವೆ ಸಂಪತ್ತನ್ನು ಯಾವ ಕಳ್ಳ ತಾನೇ ಹುಡುಕಿಯಾನು? ಕಳ್ಳ ಬರಲಿಲ್ಲ, ಕಪ್ಪು ಬಂತು. ರಬ್ಬರಿನಲ್ಲಿರುವ ಗಂಧಕಕ್ಕೂ ಬೆಳ್ಳಿಗೂ ಆಗಿಬರುವುದಿಲ್ಲವೆಂಬುದು ನಮಗೆ ತಿಳಿದಿರಲಿಲ್ಲ. ತಮ್ಮ ಹೊದಿಕೆಗೂ ತಿಳಿದಿರಲಿಲ್ಲವೆಂದು ಕಾಣುತ್ತದೆ. ರಕ್ಷಣೆಗೆಂದೇ ಸುತ್ತಿದ್ದ ಆ ತೆಳು ಹಾಳೆಯನ್ನು ದಾಟಿ ಕಪ್ಪು ಒಳಗೆ ನುಗ್ಗಿತ್ತು.

ಬೆಳ್ಳಿ ಕಪ್ಪಾದರೆ ಮನೆಯ ಹೆಂಗಸು ಏನು ಮಾಡುತ್ತಾಳೆ? ತೊಳೆಯುತ್ತಾಳೆ. ಅವಳು ನೂಲುಗತ್ತರಿಯಿಂದ ಹೊದಿಕೆಗಳನ್ನು ಕತ್ತರಿಸಿದಳು. ಅಲ್ಯೂಮಿನಿಯಂ ಹಾಳೆ ಹಾಸಿದ ಬೋಗುಣಿಯಲ್ಲಿ ಬಿಸಿನೀರು, ಅಡುಗೆ ಸೋಡಾ ಹಾಕಿ ಗಟ್ಟಿಗಳನ್ನು ಮುಳುಗಿಸಿದಳು. ಉಜ್ಜಲಿಲ್ಲ, ಕೆರೆಯಲಿಲ್ಲ. ಕಪ್ಪು ಬಿಟ್ಟು ಬೆಳ್ಳಿ ಬೆಳ್ಳಗೆ ಹೊರಬಂತು. ಮೆತ್ತನೆಯ ಬಟ್ಟೆಯಿಂದ ಒರೆಸಿ, “ನೋಡಿ, ಈಗ್ಲೇ ಹುಟ್ಟಿದ ಹಾಗಿದೆ” ಎಂದಳು. ಹೊದಿಕೆಗಳು ಕಸದ ಬುಟ್ಟಿಗೆ ಹೋದವು. ಕೊಂಡದ್ದು ಬೆಳ್ಳಿಯೆಂದು ನಾವು ತಿಳಿದಿದ್ದೆವು, ಕ್ಷಮಿಸಿ.

ತಮ್ಮ ಗುಮಾಸ್ತರ ಮುಂದೆ ಆಕೆ ಗಟ್ಟಿಗಳನ್ನು ಇಟ್ಟಾಗ ನಡೆದ ಮಾತನ್ನು ಒಂದಕ್ಷರವೂ ತಿದ್ದದೆ ಕೊಡುತ್ತೇನೆ. ತಿದ್ದುವುದು ನನ್ನ ವೃತ್ತಿಯಾಗಿದ್ದರೂ.

“ಅಮ್ಮಾ, ಕವರೆಲ್ಲಿ?”

“ಕವರು ಕಸಕ್ಕೆ ಹೋಯ್ತಪ್ಪಾ. ಬೆಳ್ಳಿ ತಂದಿದ್ದೀನಲ್ಲ.”

“ಕವರಿಲ್ದೆ ಇದು ನಮ್ದೇ ಅಂತ ಹೆಂಗೆ ಹೇಳೋದಮ್ಮಾ?”

“ನಿನ್ನ ಅಂಗಿ ಬಿಚ್ಚಿಟ್ರೆ ನಿಮ್ಮಮ್ಮ ನಿನ್ನ ಗುರುತು ಹಿಡಿಯಲ್ವಾ?”

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಗುಮಾಸ್ತರೂ ನಕ್ಕರು, ಅವರು ಒಳ್ಳೆಯ ಮನುಷ್ಯ. ಗಟ್ಟಿಗಳನ್ನು ತಕ್ಕಡಿಯಲ್ಲಿಟ್ಟರು. ಮುದ್ರೆಯಲ್ಲಿ ಬರೆದಷ್ಟೇ ತೂಕ, ಕೂದಲೆಳೆಯಷ್ಟೂ ಕಡಿಮೆಯಿಲ್ಲ. ಅವರ ಹಿಂದೆ, ಮೇಜಿನ ಮೇಲೆ, ಲೋಹದ ಶುದ್ಧತೆಯನ್ನು ಅಳೆಯುವ ಯಂತ್ರವೊಂದು ಕುಳಿತಿತ್ತು. ಅದಕ್ಕೂ ಒಂದು ಹೊದಿಕೆ! ಹೂವಿನ ಚಿತ್ತಾರದ ಬಟ್ಟೆ, ಅಂಚಿನ ಹೊಲಿಗೆ ಬಿಚ್ಚಿಕೊಂಡಿತ್ತು.

“ಅದ್ರಲ್ಲಿ ಇಟ್ಟು ನೋಡಿಬಿಡಪ್ಪಾ, ಅನುಮಾನ ಯಾಕೆ?” ಎಂದಳು.

“ಗಿರಾಕಿಗಳ ಮಾಲು ಅದ್ರಲ್ಲಿ ನೋಡೋ ಪದ್ಧತಿ ಇಲ್ಲಮ್ಮಾ. ಬೇಕಾದ್ರೆ ಸಾಹೇಬ್ರನ್ನ ಕೇಳಿ.”

ಆ ಸಾಹೇಬರು ತಾವು. ತಮ್ಮ ಕೋಣೆಗೆ ಬಂದೆವು. ತಾವು ಗಟ್ಟಿಯನ್ನು ಕಣ್ಣೆತ್ತಿಯೂ ನೋಡದೆ, “ಇಷ್ಟೊಂದು ಯಾಕೆ ಹಟ ಮಾಡ್ತೀರಿ? ಗೇಟಿನ ಹೊರಗಡೆ ವ್ಯಾಪಾರಿ ಇದ್ದಾರೆ, ಅವರಿಗೆ ಕೊಟ್ಟುಬಿಡಿ” ಎಂದು ಉಪದೇಶಿಸಿದಿರಿ. ಅದನ್ನೂ ಪಾಲಿಸಿದೆವು. ವ್ಯಾಪಾರಿ ತನ್ನ ಪುಟ್ಟ ಯಂತ್ರದಲ್ಲಿ ಗಟ್ಟಿಗಳನ್ನು ಪರೀಕ್ಷಿಸಿ, ಅಪ್ಪಟವೆಂದು ತಲೆದೂಗಿ, ತಾವು ಕೊಡುವುದಕ್ಕಿಂತಲೂ ಕಡಿಮೆ ಬೆಲೆ ಹೇಳಿದ. ಕಾರಣ ಕೇಳಿದರೆ ನಕ್ಕ.

“ಹಡೆದವರೇ ಮಗು ನಮ್ದಲ್ಲ ಅಂತಿದ್ದಾರೆ, ನಾನ್ಯಾಕೆ ಯಜಮಾನ್ರೇ ಪೂರ್ತಿ ಸಾಕ್ಲಿ?”

ಮಾನ್ಯರೇ, ಆ ಮಾತಿಗೆ ತಮ್ಮಲ್ಲಿ ಉತ್ತರವಿದೆಯೇ? ತಾವು ಒಪ್ಪದಿರುವುದು ಬರಿಯ ನಿರಾಕರಣೆಯಲ್ಲ. ಅದು ಪೇಟೆಯಲ್ಲೆಲ್ಲ ನಮ್ಮ ಬೆಳ್ಳಿಯ ಮೇಲೆ ಒತ್ತಿದ ಕಳಂಕ. ಎಲಾಸ್ಟಿಕ್ ಹಚ್ಚಿದ ಕಪ್ಪನ್ನು ಸೋಡಾ ನೀರು ತೆಗೆಯಿತು. ತಾವು ಹಚ್ಚಿದ ಕಪ್ಪನ್ನು ಯಾವ ನೀರಿನಲ್ಲಿ ತೊಳೆಯಲಿ?

ಹೊದಿಕೆ ಹರಿದರೆ ಒಳಗಿನದನ್ನು ಬದಲಿಸುವ ಮೋಸಗಾರರಿದ್ದಾರೆಂದು ತಾವು ವಾದಿಸಬಹುದು. ಇದ್ದಾರೆ. ಅವರಿಗಾಗಿಯೇ ಯಂತ್ರವಿರುವುದು. ವೈದ್ಯನು ಕಾಯಿಲೆಗಳು ಹೆಚ್ಚಿವೆಯೆಂದು ನಾಡಿ ಹಿಡಿಯುವುದನ್ನೇ ಬಿಟ್ಟುಬಿಡುತ್ತಾನೆಯೇ? ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ತಮ್ಮಲ್ಲಿ ಕನ್ನಡಿಯೂ ಇದೆ, ಅಂಗೈಯೂ ಇದೆ, ನೋಡುವ ಮನಸ್ಸೊಂದಿಲ್ಲ. ಇನ್ನೊಂದು ಮಾತು. ಬೆಳ್ಳಿ ನಿಜವಾಗಿಯೂ ಶಂಕಾಸ್ಪದವಾಗಿದ್ದರೆ ಪೂರ್ತಿಯಾಗಿ ತಿರಸ್ಕರಿಸಬೇಕಿತ್ತು. ಶುದ್ಧವಾಗಿದ್ದರೆ ಪೂರ್ತಿ ಬೆಲೆ ಕೊಡಬೇಕಿತ್ತು. ಐದರಲ್ಲಿ ನಾಲ್ಕು ಪಾಲು ನಂಬುವ ನಂಬಿಕೆ ಯಾವುದು? ಪರೀಕ್ಷಿಸದೆಯೇ ಕಂಡುಹಿಡಿದ ಆ ಒಂದು ಪಾಲು ಕಲ್ಮಶ ಯಾರದು, ಲೋಹದ್ದೋ, ನಿಯಮದ್ದೋ?

ತಮ್ಮ ಕೋಣೆಯಿಂದ ಹೊರಡುವಾಗ ಗೋಡೆಯ ಮೇಲಿನ ಭಿತ್ತಿಪತ್ರವೊಂದು ಕಣ್ಣಿಗೆ ಬಿತ್ತು. ತಮ್ಮದೇ ಪ್ರಚಾರ: ‘ಕೈಯಲ್ಲಿ ಹಿಡಿಯಬಹುದಾದ ಸಂಪತ್ತು’. ಕೆಳಗೆ ಒಂದು ಹೆಣ್ಣಿನ ಅಂಗೈ, ಅಂಗೈಯ ಮೇಲೊಂದು ಬೆಳ್ಳಿಯ ಗಟ್ಟಿ. ನಾನು ಕನ್ನಡಕ ಒರೆಸಿಕೊಂಡು ಹತ್ತಿರ ಹೋಗಿ ನೋಡಿದೆ. ಆ ಗಟ್ಟಿಗೆ ಹೊದಿಕೆಯಿಲ್ಲ.

ನನ್ನ ಹೆಂಡತಿಯೂ ನೋಡಿದಳು. “ಅಯ್ಯೋ, ಇದೂ ಗುಜರಿನೇ. ಪಾಪ, ಯಾರೋ ನನ್ನಂಥೋಳೇ” ಎಂದಳು. ಮೆಟ್ಟಿಲಿಳಿಯುವವರೆಗೂ ಇಬ್ಬರೂ ನಕ್ಕೆವು. ಬೀದಿಗೆ ಬಂದು ಆ ವ್ಯಾಪಾರಿಯ ಬೆಲೆಯನ್ನೂ ಕೇಳಿದ ಮೇಲೆ ಅವಳು ನಗುವುದನ್ನು ನಿಲ್ಲಿಸಿ, ಚೀಲವನ್ನು ಎದೆಗವಚಿಕೊಂಡು, “ಕಡಿಮೆಗೆ ಮಾತ್ರ ಕೊಡಲ್ಲ ಕಣ್ರೀ, ಕೋಣೆ ಹೋದ್ರೂ ಕೊಡಲ್ಲ” ಎಂದಳು. ಆ ಮಾತಿನ ಬಲದ ಮೇಲೆ ಈ ಪತ್ರ ನಿಂತಿದೆ.

ನಮ್ಮ ಬೇಡಿಕೆಯಲ್ಲಿ ಕರುಣೆಗೆ ಎಡೆಯಿಲ್ಲ, ವಿನಾಯಿತಿಗೂ ಎಡೆಯಿಲ್ಲ. ಯಂತ್ರದ ಮೇಲಿನ ಹೂವಿನ ಬಟ್ಟೆಯನ್ನು ತೆಗೆಯಿರಿ. ನಮ್ಮ ಗಟ್ಟಿಗಳನ್ನು ಅದರಲ್ಲಿಡಿ. ಬೆಳ್ಳಿಯಲ್ಲವಾದರೆ ನಮ್ಮನ್ನು ಪೊಲೀಸರಿಗೊಪ್ಪಿಸಿ. ಬೆಳ್ಳಿಯಾದರೆ ಆ ದಿನದ ದರವನ್ನು ಏನೂ ಮುರಿದುಕೊಳ್ಳದೆ ಕೊಡಿ. ನಮಗಷ್ಟೇ ಅಲ್ಲ, ಹೊದಿಕೆ ಹರಿದ ಗಟ್ಟಿ ಹಿಡಿದು ಬಂದ ಪ್ರತಿಯೊಬ್ಬರಿಗೂ. ಇದು ಆಗದೆಂದಾದರೆ ಗೋಡೆಯ ಮೇಲಿನ ಆ ಅಂಗೈಗೆ ಒಂದು ಪ್ಲಾಸ್ಟಿಕ್ ಚೀಲವನ್ನಾದರೂ ತೊಡಿಸಿ, ಕೊಳ್ಳುವವರಿಗೆ ಸತ್ಯ ತಿಳಿಯಲಿ.

ಸೋಮವಾರ ತಮ್ಮ ಬಾಗಿಲು ತೆರೆಯುವ ಹೊತ್ತಿಗೆ ನಾವಿಬ್ಬರೂ ಅಲ್ಲಿರುತ್ತೇವೆ. ಅವಳ ಚೀಲದಲ್ಲಿ ಬೆಳ್ಳಿ ಇರುತ್ತದೆ, ಗುಂಡಿ ಹಚ್ಚಬೇಕಾದ ಶಾಲಾಮಕ್ಕಳ ಅಂಗಿಗಳೂ ಇರುತ್ತವೆ. ಯಂತ್ರದ ಎದುರಿನ ಬೆಂಚಿನ ಮೇಲೆ ಕುಳಿತು ಹೊಲಿಯುತ್ತಾಳೆ. ಮಂಗಳವಾರವೂ ಬರುತ್ತೇವೆ. ಅಂಗಿಗಳಿಗೆ ಕೊರತೆಯಿಲ್ಲ. ತಾವು ಮನಸ್ಸು ಮಾಡುವುದು ತಡವಾದರೆ, ಯಂತ್ರದ ಹೊದಿಕೆಯ ಬಿಚ್ಚಿದ ಅಂಚನ್ನೂ ಹೊಲಿದುಕೊಡುವುದಾಗಿ ಹೇಳಿದ್ದಾಳೆ. ಅದಕ್ಕೆ ಮೊದಲು ಆ ಹೊದಿಕೆಯನ್ನು ತೆಗೆಯಲೇಬೇಕಾಗುತ್ತದೆಂಬುದು ಅವಳ ಲೆಕ್ಕಾಚಾರ.

ಇಂತಿ,
ಹೊದಿಕೆಯಿಲ್ಲದ ಸತ್ಯಕ್ಕೂ ಪೂರ್ತಿ ಬೆಲೆಯಿದೆಯೆಂದು ಈ ವಯಸ್ಸಿನಲ್ಲೂ ನಂಬಿರುವ,
ತಮ್ಮ ಕಡತದ ‘ಗುಜರಿ’ ಗಿರಾಕಿಯ ಗಂಡ