ನಾಲ್ಕು ಯೂನಿಟ್, ಓ ನೆಗೆಟಿವ್

ಫೆಬ್ರವರಿ 26, ಗುರುವಾರ

ಲಿಫ್ಟ್ ಮತ್ತೆ ಕೆಟ್ಟಿದೆ. ನಾಲ್ಕು ಮಹಡಿ ಹತ್ತಿ, ಏದುಸಿರು ಇಳಿಯುವ ಮುಂಚೆಯೇ ನಿನ್ನೆ ಬಿಟ್ಟ ಕಡೆಯಿಂದ ಶುರು.

ಇಪ್ಪತ್ತಮೂರು ರಕ್ತನಿಧಿಗಳು. ನಮ್ಮ ಸರ್ವರ್ ಐದು ನಿಮಿಷಕ್ಕೊಮ್ಮೆ ಒಂದೊಂದು ಆಸ್ಪತ್ರೆಯ ಸರ್ವರ್‌ಗೂ ರಿಕ್ವೆಸ್ಟ್ ಕಳಿಸುತ್ತದೆ — ಯಾವ ಗುಂಪಿನ ರಕ್ತ ಎಷ್ಟು ಯೂನಿಟ್ ಇದೆ? ಜೊತೆಗೆ ಆ ಆಸ್ಪತ್ರೆಯವರು ಕೊಟ್ಟ ಕೀ, ಪಾಸ್‌ವರ್ಡ್‌ನಂಥ ಗುಟ್ಟಿನ ಅಕ್ಷರಗಳು. ಕೀ ಸರಿಯಿದ್ದರೆ ಸಂಖ್ಯೆ ಬರುತ್ತದೆ, ನಮ್ಮ ಪುಟದಲ್ಲಿ ಕಾಣುತ್ತದೆ. ರಕ್ತಕ್ಕಾಗಿ ಅಲೆಯುವವರು ಇಪ್ಪತ್ತಮೂರು ಕಡೆ ಫೋನ್ ಮಾಡಬೇಕಿಲ್ಲ. ಹದಿನಾರು ವರ್ಷದ ನೌಕರಿಯಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವ ಕೆಲಸ ಸಿಕ್ಕಿದ್ದು ಇದೇ ಮೊದಲು. ಇಲ್ಲಿಯವರೆಗೆ ಹೋಟೆಲ್ ರೂಮು, ಚಪ್ಪಲಿ, ಸಿನಿಮಾ ಟಿಕೆಟ್.

ಉತ್ತರ ಬಾರದಿದ್ದರೆ? ಇವತ್ತಿನ ಜಗಳ ಅದೇ. ‘ಗೊತ್ತಿಲ್ಲ, ಫೋನ್ ಮಾಡಿ ಕೇಳಿ’ ಎಂದು ಬೂದು ಬಣ್ಣದಲ್ಲಿ ತೋರಿಸಿದ್ದೆ. ಮ್ಯಾನೇಜರಿಗೆ ಬೂದು ಬೇಡ. ಪರದೆಯ ಮೇಲೆ ಹಸಿರು ಬಿಟ್ಟು ಬೇರೆ ಬಣ್ಣ ಕಂಡರೆ ಅವರಿಗೆ ಊಟ ಸೇರುವುದಿಲ್ಲ. ಅದಕ್ಕೇ ಬೆನ್ನ ಹಿಂದೆ ಎಲ್ಲರೂ ಹಸಿರಪ್ಪ ಎನ್ನುವುದು.

“ಉದ್ಘಾಟನೆ ದಿನ ಮೂರು ಆಸ್ಪತ್ರೆ ಬೂದಿ ಬಡ್ಕೊಂಡು ಕೂತಿದ್ರೆ ಚೆನ್ನಾಗಿರುತ್ತಾ ಮೇಡಂ? ಉತ್ತರ ಬರ್ಲಿಲ್ಲ ಅಂದ್ರೆ ಹಿಂದಿನ ಸಲ ಬಂದ ಸಂಖ್ಯೆನೇ ತೋರಿಸಿ.”

“ಹಿಂದಿನ ಸಲ ಅಂದ್ರೆ ಯಾವಾಗ ಸಾರ್? ಐದು ನಿಮಿಷ ಹಿಂದೆನಾ, ಐದು ದಿನ ಹಿಂದೆನಾ?”

“ಐದು ದಿನ ಯಾವ ಸರ್ವರ್ ಸುಮ್ನಿರುತ್ತೆ ಹೇಳಿ?”

“ಇದು ಚಪ್ಪಲಿ ಅಲ್ಲ ಸಾರ್, ರಕ್ತ.”

“ನೀವು ಎಲ್ಲದಕ್ಕೂ ಎಮೋಷನಲ್ ಆಗ್ತೀರ.”

ಎಮೋಷನಲ್! ಇದೇ ಮಾತನ್ನು ಪಕ್ಕದ ಸೀಟಿನ ಗಂಡಸು ಹೇಳಿದ್ದರೆ ‘ಒಳ್ಳೇ ಪಾಯಿಂಟ್’. ಮೈಯೆಲ್ಲ ಉರಿಯಿತು. ಆದರೂ ಮಧ್ಯಾಹ್ನದೊಳಗೆ ಕೋಡ್ ಬರೆದುಕೊಟ್ಟೆ. ಉತ್ತರದಲ್ಲಿ ಸಂಖ್ಯೆ ಸಿಗದಿದ್ದರೆ ಹಿಂದಿನದನ್ನೇ ತೋರಿಸು — ಅಷ್ಟೆ. ಅದನ್ನು ಪರೀಕ್ಷಿಸುವ ಟೆಸ್ಟ್ ಕೂಡ ಬರೆದೆ. ಎಲ್ಲ ಪಾಸ್.

ಮಾರ್ಚ್ 2, ಸೋಮವಾರ

ಉದ್ಘಾಟನೆ. ಆಸ್ಪತ್ರೆಗಳ ಸಂಘದ ಅಧ್ಯಕ್ಷರು ಗುಂಡಿ ಒತ್ತಿದರು. ಇಪ್ಪತ್ತಮೂರೂ ಹಸಿರು. ಚಪ್ಪಾಳೆ. ಎರಡು ಸರ್ವರ್ ಆ ಹೊತ್ತಿಗೆ ಉತ್ತರವನ್ನೇ ಕೊಡುತ್ತಿರಲಿಲ್ಲ. ನನಗೊಬ್ಬಳಿಗೆ ಗೊತ್ತು. ನಾನೂ ಚಪ್ಪಾಳೆ ತಟ್ಟಿದೆ.

ಮಾರ್ಚ್ 5, ಗುರುವಾರ

ಅತ್ತಿಗೆಯ ಫೋನ್. ಇವರ ಅಕ್ಕ. ದೊಡ್ಡಾಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ಇಪ್ಪತ್ತೆರಡು ವರ್ಷದಿಂದ ಟೆಕ್ನಿಷಿಯನ್. ಹೊಗಳಿಕೆ ಅವರ ಬಾಯಿಂದ ಸುಲಭಕ್ಕೆ ಬೀಳುವಂಥದ್ದಲ್ಲ.

“ನಿನ್ನ ಪುಟ ಬಂದ್ಮೇಲೆ ಫೋನ್ ಅರ್ಧಕ್ಕರ್ಧ ಕಮ್ಮಿ ಆಗಿದೆ ಕಣೇ. ಕೂತು ಕಾಫಿ ಕುಡಿಯೋಕೆ ಪುರುಸೊತ್ತು ಸಿಗ್ತಿದೆ.”

ದಿನವಿಡೀ ಕಾಲು ನೆಲದ ಮೇಲಿರಲಿಲ್ಲ.

ಮಾರ್ಚ್ 14, ಶನಿವಾರ. ಮಧ್ಯಾಹ್ನ 12

ರಜೆ. ಬಟ್ಟೆ ಒಣಹಾಕುತ್ತಿದ್ದೆ. ಅತ್ತಿಗೆ.

“ನಿನ್ನ ಪುಟದಲ್ಲಿ ನಮ್ಮದು ಓ ನೆಗೆಟಿವ್ ಎಷ್ಟಿದೆ ನೋಡು.”

ನೋಡಿದೆ. “ನಾಲ್ಕು ಯೂನಿಟ್, ಅತ್ತಿಗೆ.”

“ಫ್ರಿಜ್ ಬಾಗಿಲು ತೆಗೆದು ಅದರ ಮುಂದೇನೇ ನಿಂತಿದೀನಿ. ಒಂದೂ ಇಲ್ಲ. ಮಂಗಳವಾರದಿಂದ ಇಲ್ಲ.”

ಒದ್ದೆ ಬಟ್ಟೆ ಕೈಯಲ್ಲೇ.

ಅವರು ಹೇಳಿದ್ದು: ಊರಿನ ಆ ತುದಿಯ ಹೆರಿಗೆ ಆಸ್ಪತ್ರೆಯಿಂದ ಒಬ್ಬ ಹೆಂಗಸು ಓಡಿ ಬಂದಳಂತೆ. ಬಟ್ಟೆ ಹೊಲಿಯುವವಳು. ಅಳತೆ ಟೇಪು ಇನ್ನೂ ಕೊರಳಲ್ಲೇ. ತಂಗಿಗೆ ಬೆಳಗ್ಗೆ ಹೆರಿಗೆಯಾಗಿದೆ, ರಕ್ತ ನಿಲ್ಲುತ್ತಿಲ್ಲ. ನಮ್ಮ ಪುಟ ನೋಡಿ, ನಾಲ್ಕು ಇದೆ ಎಂದು ನಂಬಿ, ಹತ್ತಿರದ ಎರಡು ಆಸ್ಪತ್ರೆ ದಾಟಿ ಇಲ್ಲಿಗೆ ಬಂದಿದ್ದಾಳೆ.

“ಇಲ್ಲಮ್ಮ ಅಂದೆ. ಫೋನ್ ತೋರಿಸಿದ್ಲು. ಇದೆ ಅಂತ ಬರೆದಿದೆಯಲ್ಲ, ಯಾರಿಗೋಸ್ಕರ ಎತ್ತಿಟ್ಟಿದೀರ ಅಂತ ನನ್ನ ಎರಡೂ ಕೈ ಹಿಡ್ಕೊಂಡು ಕೇಳಿದ್ಲು. ಇಷ್ಟು ವರ್ಷದಲ್ಲಿ ನನ್ನನ್ನ ಯಾರೂ ಹಾಗೆ ಕೇಳಿರ್ಲಿಲ್ಲ ಕಣೇ.”

ಒಂಬತ್ತು ಕಡೆ ಫೋನ್ ಮಾಡಿ ಅತ್ತಿಗೆಯೇ ಎರಡು ಯೂನಿಟ್ ಹುಡುಕಿ ಕಳಿಸಿದರಂತೆ. ಅಷ್ಟರಲ್ಲಿ ಐವತ್ತೈದು ನಿಮಿಷ ಹೋಗಿತ್ತು.

ಅದೇ ದಿನ, 3:30

ಆಫೀಸಿನಿಂದ. ಸರ್ವರ್‌ಗಳ ಪ್ರತಿ ಮಾತೂ ದಾಖಲಾಗುವ ಲಾಗ್ ತೆಗೆದು ನೋಡಿದೆ.

ದೊಡ್ಡಾಸ್ಪತ್ರೆಯ ಸರ್ವರ್ ಸುಮ್ಮನಿರಲಿಲ್ಲ. ಪ್ರತಿ ಸಲವೂ ಉತ್ತರ ಕೊಟ್ಟಿದೆ. ಮೇಲೆ ‘ಓಕೆ’, 200, ಅಂದರೆ ಎಲ್ಲ ಸರಿಯಿದೆ ಎನ್ನುವ ಸಂಕೇತ. ಒಳಗೆ ಒಂದೇ ಸಾಲು — ಕೀ ಅವಧಿ ಮುಗಿದಿದೆ, ಹೊಸ ಕೀ ಬಳಸಿ. ಲಕೋಟೆಯ ಮೇಲೊಂದು ಮಾತು, ಒಳಗಿನ ಕಾಗದದಲ್ಲಿ ಇನ್ನೊಂದು. ನನ್ನ ಕೋಡ್ ಲಕೋಟೆ ನೋಡಿ ಖುಷಿಪಟ್ಟಿತು, ಒಳಗೆ ಸಂಖ್ಯೆ ಸಿಗದಿದ್ದಾಗ ಹಳೆಯ ‘ನಾಲ್ಕ’ನ್ನೇ ಎತ್ತಿ ತೋರಿಸಿತು. ಕಳೆದ ಭಾನುವಾರ ಮಧ್ಯಾಹ್ನದಿಂದ ಇವತ್ತು ಮಧ್ಯಾಹ್ನದವರೆಗೆ. ಆರು ದಿನ. ಒಂದು ಸಾವಿರದ ಏಳುನೂರ ಇಪ್ಪತ್ತೆಂಟು ಸಲ ಅವರು ಹೇಳಿದ್ದಾರೆ. ಒಂದು ಸಲವೂ ನಾವು ಕಿವಿಗೆ ಹಾಕಿಕೊಂಡಿಲ್ಲ.

ಹೊಸ ಕೀ? ಒಂದನೇ ತಾರೀಕೇ ಮೇಲ್‌ನಲ್ಲಿ ಬಂದಿದೆ. ಯಾರೂ ತೆರೆಯದ ಆಫೀಸಿನ ಸಾಮಾನ್ಯ ಮೇಲ್‌ಬಾಕ್ಸಿಗೆ. ನೋಡಬೇಕಾದ ಐವರಲ್ಲಿ ನಾನೂ ಒಬ್ಬಳು.

ಹೊಸ ಕೀ ಹಾಕಿದೆ. ನಾಲ್ಕು ಹೋಗಿ ಸೊನ್ನೆ ಬಂತು. ಯಾರನ್ನೂ ಕೇಳದೆ ಬೂದು ಬಣ್ಣವನ್ನೂ ಹಿಂದಕ್ಕೆ ತಂದೆ. ಕೇಳಿದರೆ ಕೇಳಲಿ.

ಮಾರ್ಚ್ 16, ಸೋಮವಾರ

ಬೂದು ಮತ್ತೆ ಹೋಗಿದೆ. ಹಸಿರಪ್ಪನವರು ಭಾನುವಾರವೇ ಇನ್ನೊಬ್ಬರ ಕೈಲಿ ತೆಗೆಸಿದ್ದಾರೆ. ಭಾನುವಾರ! ಮೇಲ್‌ಬಾಕ್ಸ್ ತೆರೆಯಲು ಹದಿನೈದು ದಿನ ಪುರುಸೊತ್ತಿಲ್ಲ, ಇದಕ್ಕೆ ಇದೆ.

ಆ ತಂಗಿ ಬದುಕಿದ್ದಾಳೆ. ಮಗು ಚೆನ್ನಾಗಿದೆ. ಆದರೆ ಗರ್ಭಕೋಶ ತೆಗೆಯಬೇಕಾಯಿತಂತೆ. ಇಪ್ಪತ್ತಾರು ವರ್ಷ. ರಕ್ತ ಬೇಗ ಸಿಕ್ಕಿದ್ದರೆ ಉಳಿಯುತ್ತಿತ್ತೇ ಎಂದು ಕೇಳಿದರೆ, ಹೇಳಲಾಗುವುದಿಲ್ಲ ಎಂದರಂತೆ ಡಾಕ್ಟರು. ಉಳಿಯುತ್ತಿರಲಿಲ್ಲ ಎಂದೂ ಹೇಳಲಿಲ್ಲ.

ಅವಳ ಅಕ್ಕ, ಆ ಬಟ್ಟೆ ಹೊಲಿಯುವವಳು, ದೂರು ಕೊಟ್ಟಿದ್ದಾಳೆ. ಸಂಘದಿಂದ ವಿವರಣೆ ಕೇಳಿ ಪತ್ರ. ನಮ್ಮ ಉತ್ತರ ಓದಿದೆ: “ಸಂಬಂಧಪಟ್ಟ ರಕ್ತನಿಧಿಯ ಸಿಬ್ಬಂದಿ ದಾಸ್ತಾನಿನ ಮಾಹಿತಿಯನ್ನು ಸಕಾಲಕ್ಕೆ ನವೀಕರಿಸದ ಕಾರಣ…”

ಎರಡು ಸಲ ಓದಿದೆ. ಎದ್ದು ಅವರ ಕೋಣೆಗೇ ಹೋದೆ.

“ಸಾರ್, ಸುಳ್ಳು ಇದು. ಲಾಗ್ ಕಳಿಸಿದೀನಲ್ಲ ನಿಮಗೆ.”

“ಲಾಗ್ ಎಲ್ಲಾ ಯಾರು ಓದ್ತಾರೆ ಮೇಡಂ. ಆಸ್ಪತ್ರೆಯವರು ಒಳಗೊಳಗೇ ಏನೋ ಮಾಡ್ಕೋತಾರೆ.”

“ಆ ಸಿಬ್ಬಂದಿ ಮೇಲೆ ಗೂಬೆ ಕೂರಿಸಿದ ಹಾಗಾಯ್ತಲ್ಲ?”

“ಯಾರ ಹೆಸರೂ ಹಾಕಿಲ್ಲವಲ್ಲ.”

ಹೆಸರು ಹಾಕಬೇಕೇ? ಶನಿವಾರ ಆ ಫ್ರಿಜ್ಜಿನ ಮುಂದೆ ನಿಂತಿದ್ದವರು ಒಬ್ಬರೇ.

ಮಾರ್ಚ್ 17, ಮಂಗಳವಾರ

ಅತ್ತಿಗೆಗೆ ನೋಟಿಸ್. ಗುರುವಾರ ವಿಚಾರಣೆ. ಅಲ್ಲಿಯವರೆಗೆ ಕೆಲಸಕ್ಕೆ ಬರುವುದು ಬೇಡವಂತೆ.

ಸಂಜೆ ಮನೆಗೆ ಬಂದರು. ನೋಟಿಸನ್ನು ನಾಲ್ಕಾಗಿ ಮಡಿಸಿ ಬ್ಲೌಸಿನೊಳಗೆ ಇಟ್ಟುಕೊಂಡಿದ್ದರು. ಓದಿದ ಇವರ ಮುಖ ಕೆಂಪಾಯಿತು.

“ಅಕ್ಕ ಏನು ಮಾಡಿದಾಳೆ ಇದರಲ್ಲಿ? ತಪ್ಪು ಇವಳ ಕಂಪನಿದು ತಾನೆ?”

“ನನ್ನದೂ ರೀ” ಅಂದೆ.

ಅತ್ತಿಗೆ ನನ್ನತ್ತ ತಿರುಗಿದರು.

“ಹಿಂದಿನ ಸಂಖ್ಯೆ ತೋರಿಸೋದು ತಪ್ಪು ಅಂತ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು. ಹೇಳಿದ್ದೆ ಕೂಡ.”

“ಬರವಣಿಗೇಲಿ?”

“ಬಾಯಲ್ಲಿ.”

“ನಾವು ಒಂದು ಬ್ಯಾಗ್ ಒಂದು ಶೆಲ್ಫಿಂದ ಇನ್ನೊಂದಕ್ಕೆ ಎತ್ತಿಟ್ರೂ ಬರೆದು ಸಹಿ ಹಾಕ್ತೀವಿ ಕಣೇ.”

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಊಟಕ್ಕೆ ಕೂರಿ ಎಂದರೂ ನಿಲ್ಲದೆ ಹೊರಟರು. ಇವರು ಬಸ್ ಸ್ಟಾಪಿನವರೆಗೆ ಬಿಟ್ಟು ಬಂದು ನನ್ನ ಮುಖ ನೋಡದೆ ಪಾತ್ರೆ ತೊಳೆದರು.

ಸಿಟ್ಟು. ಹಸಿರಪ್ಪನ ಮೇಲೆ, ಆ ಪತ್ರದ ಮೇಲೆ, ‘ಓಕೆ’ ಎಂದು ಬರೆದು ‘ಇಲ್ಲ’ ಎನ್ನುವ ಆ ಸರ್ವರ್ ಬರೆದ ಪುಣ್ಯಾತ್ಮನ ಮೇಲೆ. ಎಲ್ಲಕ್ಕಿಂತ ಹೆಚ್ಚಾಗಿ, ತಪ್ಪೆಂದು ಗೊತ್ತಿದ್ದೂ ಅಷ್ಟು ಚೆನ್ನಾಗಿ ಬರೆದುಕೊಟ್ಟವಳ ಮೇಲೆ.

ಮಾರ್ಚ್ 19, ಗುರುವಾರ

ರಜೆ ಹಾಕಿ ಹೋದೆ. ಲಾಗ್ ಪ್ರಿಂಟ್ — ನಲವತ್ತೊಂದು ಹಾಳೆ. ಆಸ್ಪತ್ರೆಯ ಉದ್ದನೆಯ ಕೋಣೆ, ಫಿನಾಯಿಲ್ ವಾಸನೆ, ಮೇಜಿನಾಚೆ ಮೂವರು ಡಾಕ್ಟರು. ಈಚೆ ಅತ್ತಿಗೆ, ತೊಡೆಯ ಮೇಲೆ ಅವರ ರಿಜಿಸ್ಟರ್. ಗೋಡೆ ಬದಿಯ ಬೆಂಚಿನಲ್ಲಿ ಆ ಟೈಲರಮ್ಮ. ಹಸಿರಪ್ಪನವರೂ ಬಂದಿದ್ದರು. ನನ್ನ ಕೈಯಲ್ಲಿನ ಕಟ್ಟು ನೋಡಿ ಬಾಗಿಲಲ್ಲೇ ಹಿಡಿದರು.

“ಅದು ಕಂಪನಿ ಆಸ್ತಿ ಮೇಡಂ. ಒಳಗೆ ಕೊಟ್ರೆ ನಾಳೆ ನಿಮ್ಮ ಕೆಲಸಕ್ಕೆ ನಾನು ಜವಾಬ್ದಾರ ಅಲ್ಲ.”

“ಯಾವುದಕ್ಕೆ ಜವಾಬ್ದಾರರಾಗಿದ್ರಿ ಸಾರ್ ಇಲ್ಲೀತನಕ?”

ಧ್ವನಿ ನನ್ನದೇ ಎಂದು ನಂಬಲಾಗಲಿಲ್ಲ. ಒಳಗೆ ಹೋಗಿ ಮೇಜಿನ ಮೇಲಿಟ್ಟೆ. ಹೇಳಿದೆ — ಇವರ ರಿಜಿಸ್ಟರಿನಲ್ಲಿ ಹತ್ತನೇ ತಾರೀಕು, ಮಂಗಳವಾರ ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ಸೊನ್ನೆ. ಇವರ ಕಂಪ್ಯೂಟರಿನಲ್ಲೂ ಹತ್ತೂ ಇಪ್ಪತ್ತೆರಡಕ್ಕೆ ಸೊನ್ನೆ. ನಾವು ಕೇಳಿದಾಗಲೆಲ್ಲ ನಿಮ್ಮ ಸರ್ವರ್, ಕೀ ಹಳೆಯದು ಎಂದಿತು. ನಾವು ಓದಲಿಲ್ಲ. ಜನರಿಗೆ ಅದಕ್ಕೂ ಹಿಂದಿನ ಭಾನುವಾರದ ಸಂಖ್ಯೆಯನ್ನು ಇವತ್ತಿನದು ಎಂದು ತೋರಿಸಿದೆವು.

ದೊಡ್ಡ ಡಾಕ್ಟರು ಕನ್ನಡಕ ತೆಗೆದರು.

“ಉತ್ತರ ಸಿಗದಿದ್ರೆ ಹಳೇದನ್ನ ತೋರಿಸು ಅಂತ ಬರೆದಿದ್ದು ಯಾರು?”

“ನಾನು.”

“ಹೇಳಿದ್ದು?”

ಹಸಿರಪ್ಪನವರು ಮೊಬೈಲ್ ನೋಡುತ್ತಿದ್ದರು. ಅವರತ್ತ ಬೆರಳು ಮಾಡಿದೆ. ಮಾಡಬೇಕಿತ್ತು, ಮಾಡಿದೆ.

“ಇದು ಟೆಕ್ನಿಕಲ್ ವಿಷಯ ಸಾರ್…” ಎಂದು ಶುರುಮಾಡಿದರು. ಬೆಂಚಿನಿಂದ ಟೈಲರಮ್ಮ ಎದ್ದಳು.

“ನಾನು ಎಂಟನೇ ಕ್ಲಾಸು. ನನ್ನ ಹತ್ರ ಬಟ್ಟೆ ಇಲ್ಲ ಅಂದ್ರೆ ಇಲ್ಲ ಅಂತೀನಿ. ಹೋದ ವಾರ ಇತ್ತು ಅಂತ ಇದೆ ಅನ್ನಲ್ಲ. ಇದ್ರಲ್ಲಿ ಟೆಕ್ನಿಕಲ್ ಏನ್ ಬಂತು?”

ನೋಟಿಸ್ ಅಲ್ಲೇ ವಾಪಸ್. ಅತ್ತಿಗೆ ರಿಜಿಸ್ಟರ್ ಎತ್ತಿಕೊಂಡು ನೇರ ಬ್ಲಡ್ ಬ್ಯಾಂಕಿಗೆ ನಡೆದರು. ಹೋಗುವಾಗ ನನ್ನ ಭುಜದ ಮೇಲೆ ಒಂದು ಸಲ ಕೈಯಿಟ್ಟರು. ಕ್ಷಮಿಸಿದ್ದೋ, ದಾರಿ ಬಿಡು ಎಂದಿದ್ದೋ, ಗೊತ್ತಾಗಲಿಲ್ಲ.

ಮಾರ್ಚ್ 23, ಸೋಮವಾರ

ಪುಟದಲ್ಲಿ ಬೂದು ಬಂದಿದೆ. ಪ್ರತಿ ಸಂಖ್ಯೆಯ ಕೆಳಗೆ ‘ಉತ್ತರ ಬಂದ ಹೊತ್ತು’ ಕೂಡ. ಸಂಘದ ಮೀಟಿಂಗಿನಲ್ಲಿ ಹಸಿರಪ್ಪನವರೇ ಮಂಡಿಸಿದರಂತೆ — “ಪಾರದರ್ಶಕತೆ ನಮ್ಮ ಹೊಸ ಹೆಜ್ಜೆ.” ಮತ್ತೆ ಚಪ್ಪಾಳೆ. ನಾಚಿಕೆ ಅನ್ನುವುದನ್ನು ಮಾರಿ ತಿಂದಿದ್ದಾರೆ.

ನನ್ನನ್ನು ಇವತ್ತಿನಿಂದ ಹೋಟೆಲ್ ರೂಮಿನ ಪ್ರಾಜೆಕ್ಟಿಗೆ ಹಾಕಿದ್ದಾರೆ. ಕಿಟಕಿ ಇಲ್ಲದ ಮೂಲೆ. ಆಗಲಿ. ಬಿಟ್ಟು ಹೋಗುವುದಿಲ್ಲ. ಅವರಿಗೆ ಬೇಕಾಗಿರುವುದೇ ಅದು. ಬೇಡವಾದರೆ ಅವರೇ ತೆಗೆಯಲಿ, ಬರವಣಿಗೆಯಲ್ಲಿ.

ಮಾರ್ಚ್ 28, ಶನಿವಾರ

ಟೈಲರಮ್ಮ ಅತ್ತಿಗೆಯಿಂದ ನಂಬರ್ ಪಡೆದು ಫೋನ್ ಮಾಡಿದ್ದಳು. “ಡಾಕ್ಟರ ಮುಂದೆ ಹೇಳಿದ್ರಲ್ಲ ಮೇಡಂ, ಅದನ್ನ ನನ್ನ ತಂಗಿಗೂ ಹೇಳ್ಬೇಕು. ನಾನು ಹೇಳಿದ್ರೆ ಅವಳಿಗೆ ಅರ್ಥ ಆಗ್ತಿಲ್ಲ. ನಾನೇ ದಾರಿ ತಪ್ಪಿ ಬೇರೆ ಕಡೆ ಹೋದೆ ಅನ್ಕೊಂಡಿದಾಳೆ.”

ಹೋದೆ. ಬಾಗಿಲಿಗೇ ಹೊಲಿಗೆ ಯಂತ್ರ, ಅದರಾಚೆ ಒಂದೇ ಕೋಣೆ. ತಂಗಿ ಗೋಡೆಗೆ ಒರಗಿ ಕೂತಿದ್ದಳು, ಭುಜದ ಮೇಲೆ ಮಗು. ಮುಖದಲ್ಲಿ ಇನ್ನೂ ರಕ್ತವಿಲ್ಲ. ನೆಲದ ಮೇಲೆ ಅವಳೆದುರು ಕೂತೆ. ಸರ್ವರ್, ರಿಕ್ವೆಸ್ಟ್, ಕೀ — ಏನೂ ಬಿಡದೆ ಹೇಳಿದೆ. ನಿಮ್ಮಕ್ಕ ದಾರಿ ತಪ್ಪಲಿಲ್ಲ, ನಾವು ತೋರಿಸಿದ ದಾರಿಯಲ್ಲೇ ಬಂದರು ಎಂದೆ. ಅಳಬಾರದು ಎಂದುಕೊಂಡು ಹೋಗಿದ್ದೆ, ಅಳಲಿಲ್ಲ.

ಅವಳು ಕಣ್ಣು ಮಿಟುಕಿಸದೆ ಕೇಳಿದಳು. ಆಮೇಲೆ, “ಗೊತ್ತಿಲ್ಲ ಅಂತ ತೋರಿಸೋ ಹಾಗೆ ಮಾಡೋಕೆ ನಿಮಗೆ ಎಷ್ಟೊತ್ತು ಬೇಕಾಗುತ್ತೆ?”

ಸುಳ್ಳು ಹೇಳಬಹುದಿತ್ತು. ಎರಡು ದಿನ ಎಂದರೂ ನಂಬುತ್ತಿದ್ದಳು.

“ಹತ್ತು ನಿಮಿಷ” ಎಂದೆ.

ಯಂತ್ರದ ಮೇಲಿದ್ದ ಅಕ್ಕನ ಕೈ ನಿಂತಿತು. ತಂಗಿ ಮಗುವನ್ನು ಈ ಭುಜದಿಂದ ಆ ಭುಜಕ್ಕೆ ಹಾಕಿಕೊಂಡಳು. ಅದರ ಬೆನ್ನು ಸವರುತ್ತಾ, ನನ್ನ ಕಡೆ ನೋಡದೆ, ಬಹಳ ಮೆಲ್ಲಗೆ, “ಹತ್ತು ನಿಮಿಷ” ಎಂದಳು. ಮತ್ತೆ ಒಂದು ಸಲ. ಆಮೇಲೆ ತಲೆಯೆತ್ತಿ ನನಗೆ, “ಇದನ್ನೆಲ್ಲ ಬರೆದು ಸಹಿ ಹಾಕಿ ಕೊಡಿ” ಎಂದಳು; ಅಲ್ಲೇ ಕೂತು ಬರೆದುಕೊಟ್ಟೆ.